ಅಂದು ಒಲಿಂಪಿಕ್ಸ್ ಫುಟ್‌ಬಾಲ್ ನಾಯಕ, ಮುಂದೆ ಕೊಹಿಮಾದ ಸರ್ಕಾರಿ ಡಾಕ್ಟರ್: ಆರ್ಸೆನಲ್ ಕರೆದರೂ ಹೋಗದ ತಾಲಿಮೆರೆನ್ ಆವೊ ಕಥೆ

1948ರ ಜುಲೈ 29. ಲಂಡನ್‌ನ ವೆಂಬ್ಲಿ ಕ್ರೀಡಾಂಗಣದಲ್ಲಿ ಒಲಿಂಪಿಕ್ಸ್ ಉದ್ಘಾಟನೆ. ಎರಡನೇ ಮಹಾಯುದ್ಧದಿಂದಾಗಿ ಹನ್ನೆರಡು ವರ್ಷ ನಿಂತುಹೋಗಿದ್ದ ಕ್ರೀಡಾಕೂಟ ಮತ್ತೆ ಶುರುವಾಗುತ್ತಿತ್ತು. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬದ ಭಾರತಕ್ಕೆ ತನ್ನದೇ ಧ್ವಜದಡಿ ಅದು ಮೊದಲ ಒಲಿಂಪಿಕ್ಸ್. ಆ ದಿನ ತ್ರಿವರ್ಣ ಧ್ವಜ ಹಿಡಿದು ಭಾರತದ ತಂಡದ ಮುಂದೆ ನಡೆದವರು ಯಾರು?

ಆ ಹೊತ್ತಿಗೆ ಮೂರು ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ ಹಾಕಿ ತಂಡದ ತಾರೆಯಲ್ಲ. ರಾಜಮನೆತನದವರೂ ಅಲ್ಲ. ಈಶಾನ್ಯದ ನಾಗಾ ಬೆಟ್ಟದ ಒಂದು ಹಳ್ಳಿಯಲ್ಲಿ ಹುಟ್ಟಿ, ಕಲ್ಕತ್ತಾದಲ್ಲಿ ಡಾಕ್ಟರಿಕೆ ಓದುತ್ತಿದ್ದ 30 ವರ್ಷದ ವಿದ್ಯಾರ್ಥಿ. ಹೆಸರು ತಾಲಿಮೆರೆನ್ ಆವೊ. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡದ ಮೊದಲ ನಾಯಕ.

ಐದು ವರ್ಷಗಳ ನಂತರ ಇದೇ ವ್ಯಕ್ತಿ ಕೊಹಿಮಾದ ಸಿವಿಲ್ ಆಸ್ಪತ್ರೆಯಲ್ಲಿ ಸಹಾಯಕ ಸಿವಿಲ್ ಸರ್ಜನ್ ಆಗಿದ್ದರು. ಇಂಗ್ಲೆಂಡಿನ ಪ್ರಸಿದ್ಧ ಆರ್ಸೆನಲ್ ಕ್ಲಬ್‌ನ ಕರೆಗೆ ಒಲ್ಲೆ ಎಂದು, ಮೈದಾನ ಬಿಟ್ಟು ಊರಿನ ಕಡೆ ಹೊರಟಿದ್ದರು. ಕಾರಣ ತಿಳಿಯಬೇಕಾದರೆ 1935ರಲ್ಲಿ ಅವರ ಮನೆಯಲ್ಲಿ ನಡೆದ ಒಂದು ಸಾವಿನ ಬಗ್ಗೆ ತಿಳಿಯಬೇಕು.

ಚಿಂದಿ ಬಟ್ಟೆಯ ಚೆಂಡು

ತಾಲಿಮೆರೆನ್ ಹುಟ್ಟಿದ್ದು 1918ರ ಜನವರಿ 28ರಂದು, ಚಾಂಗ್ಕಿ ಎಂಬ ಹಳ್ಳಿಯಲ್ಲಿ. ಆಗ ಅದು ಅಸ್ಸಾಂ ಪ್ರಾಂತ್ಯದ ನಾಗಾ ಹಿಲ್ಸ್ ಜಿಲ್ಲೆಗೆ ಸೇರಿತ್ತು. ಇಂದು ನಾಗಾಲ್ಯಾಂಡ್‌ನ ಮೊಕೊಕ್‌ಚುಂಗ್ ಜಿಲ್ಲೆಯಲ್ಲಿದೆ. ಹೆಸರಿನ ಕೊನೆಯಲ್ಲಿರುವ ಆವೊ ಅವರ ಬುಡಕಟ್ಟಿನ ಹೆಸರು. ತಂದೆ ಸುಬೊಂಗ್ವಾತಿ ಕ್ರೈಸ್ತ ಪಾದ್ರಿ. ಮನೆ ತುಂಬ ಮಕ್ಕಳು.

ಕುಟುಂಬ ಮುಂದೆ ಇಂಪುರ್‌ಗೆ ಬಂತು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳು 19ನೇ ಶತಮಾನದ ಕೊನೆಯಲ್ಲಿ ಕಟ್ಟಿಕೊಂಡ ಕೇಂದ್ರ ಅದು. ಶಾಲೆ, ಚರ್ಚ್, ಔಷಧಾಲಯ ಎಲ್ಲವೂ ಒಂದೇ ಆವರಣದಲ್ಲಿ. ಬೆಟ್ಟದ ಊರುಗಳ ಮಕ್ಕಳು ಅಕ್ಷರ ಕಲಿಯಲು ಬರುತ್ತಿದ್ದುದು ಅಲ್ಲಿಗೆ. ತಾಲಿಮೆರೆನ್‌ಗೆ ಅಕ್ಷರದ ಜೊತೆಗೆ ಇನ್ನೊಂದು ಹುಚ್ಚೂ ಅಲ್ಲೇ ಹತ್ತಿತು. ಹಳೆ ಬಟ್ಟೆಯ ಚಿಂದಿಗಳನ್ನು ಸುತ್ತಿ ಕಟ್ಟಿದ ಚೆಂಡು, ಇಳಿಜಾರಿನ ನಡುವೆ ಸಿಕ್ಕ ಒಂದಿಷ್ಟು ಸಮತಟ್ಟು ಜಾಗ, ಬರಿಗಾಲು. ಫುಟ್‌ಬಾಲ್ ಶುರುವಾಗಿದ್ದು ಹೀಗೆ.

ಹೈಸ್ಕೂಲು ಓದಲು ಬೆಟ್ಟ ಇಳಿದು ಅಸ್ಸಾಂನ ಜೋರ್ಹಾಟ್‌ಗೆ ಹೋಗಬೇಕಾಯಿತು. ಅಲ್ಲಿನ ಮಿಷನ್ ಶಾಲೆಯಲ್ಲಿ ಓದಿನ ಜೊತೆಗೆ ಆಟದಲ್ಲೂ ಹೆಸರು ಮಾಡಿದರು. ಚಿಂದಿ ಚೆಂಡಿನ ಜಾಗದಲ್ಲಿ ನಿಜವಾದ ಚರ್ಮದ ಚೆಂಡು ಬಂತು.

ತಂದೆಯ ಕೊನೆಯ ಆಸೆ

1935ರಲ್ಲಿ ತಂದೆಗೆ ಟೈಫಾಯ್ಡ್ ಬಂತು. ನಮ್ಮ ಕಡೆ ವಿಷಮಶೀತ ಜ್ವರ ಎಂದು ಕರೆಯುವ ಕಾಯಿಲೆ. ಇಂದು ಮಾತ್ರೆ, ಇಂಜೆಕ್ಷನ್‌ಗಳಲ್ಲಿ ವಾಸಿಯಾಗುವ ಈ ಜ್ವರಕ್ಕೆ ಆಗ ಎಲ್ಲಿಯೂ ನೇರ ಮದ್ದಿರಲಿಲ್ಲ. ವಾರಗಟ್ಟಲೆ ಜ್ವರ ಕಾಯುತ್ತ, ಗಂಜಿ ಕುಡಿಸುತ್ತ, ರೋಗಿಯ ಮೈಯಲ್ಲಿ ಶಕ್ತಿ ಇದ್ದರೆ ಬದುಕುತ್ತಾನೆ ಎಂದು ಕಾದು ನೋಡುವುದಷ್ಟೇ ದಾರಿ. ಟೈಫಾಯ್ಡ್‌ಗೆ ಕೆಲಸ ಮಾಡಿದ ಮೊದಲ ಆ್ಯಂಟಿಬಯೋಟಿಕ್ ಕ್ಲೋರಾಂಫೆನಿಕಾಲ್. ರೋಗಿಗಳ ಮೇಲೆ ಅದರ ಪರಿಣಾಮ ಖಚಿತವಾಗಿದ್ದು 1948ರಲ್ಲಿ. ತಾಲಿಮೆರೆನ್ ಲಂಡನ್‌ನಲ್ಲಿ ಧ್ವಜ ಹಿಡಿದ ವರ್ಷವೇ!

ತಂದೆ ಉಳಿಯಲಿಲ್ಲ. ಮಗ ಡಾಕ್ಟರ್ ಆಗಬೇಕು, ತಮ್ಮ ಜನರ ನಡುವೆ ಇದ್ದು ಚಿಕಿತ್ಸೆ ಕೊಡಬೇಕು ಎಂಬುದು ಅವರ ಕೊನೆಯ ಆಸೆಯಾಗಿತ್ತು. ಆಗ ತಾಲಿಮೆರೆನ್‌ಗೆ 17 ವರ್ಷ. ದೊಡ್ಡ ಸಂಸಾರ, ದುಡಿಯುವ ತಂದೆ ಇಲ್ಲ. ನಾಗಾ ಬೆಟ್ಟದ ಹುಡುಗನೊಬ್ಬ ವೈದ್ಯಕೀಯ ಕಾಲೇಜಿಗೆ ಸೇರುವುದು ಆ ಕಾಲಕ್ಕೆ ದೂರದ ಮಾತು. ಆದರೂ ಆ ಮಾತನ್ನು ಅವರು ಕೈಬಿಡಲಿಲ್ಲ. ಮುಂದಿನ ಹದಿನೈದು ವರ್ಷಗಳಲ್ಲಿ ಅವರು ಮಾಡಿದ ಪ್ರತಿ ದೊಡ್ಡ ತೀರ್ಮಾನದ ಹಿಂದೆ ಇದೇ ಮಾತು ಇದ್ದಂತೆ ಕಾಣುತ್ತದೆ.

ಗುವಾಹಟಿಯಲ್ಲಿ ಸಿಕ್ಕ ತಿರುವು

ಮುಂದಿನ ಓದು ಗುವಾಹಟಿಯ ಕಾಟನ್ ಕಾಲೇಜಿನಲ್ಲಿ. ಅಸ್ಸಾಂನಲ್ಲಿ ಉನ್ನತ ಶಿಕ್ಷಣಕ್ಕೆ ಹೆಸರಾದ ಕಾಲೇಜು ಅದು. ಅಲ್ಲಿ ಅವರು ಬರೀ ಫುಟ್‌ಬಾಲ್ ಆಟಗಾರರಾಗಿರಲಿಲ್ಲ. ಓಟ, ಎಸೆತ, ವಾಲಿಬಾಲ್ ಎಲ್ಲದರಲ್ಲೂ ಕೈ ಆಡಿಸುತ್ತಿದ್ದರು. ಗಟ್ಟಿ ಮೈಕಟ್ಟು, ಒಳ್ಳೆಯ ಎತ್ತರ, ಬೆಟ್ಟ ಹತ್ತಿ ಇಳಿದು ಪಳಗಿದ ಕಾಲು.

ನಗರದ ಮಹಾರಾಣಾ ಕ್ಲಬ್ ಪರವಾಗಿ ಆಡಲು ಶುರು ಮಾಡಿದ್ದು ಇಲ್ಲೇ. ಆ ಕ್ಲಬ್‌ನ ಶರತ್ ದಾಸ್ ಮುಂದೆ ಮೋಹನ್ ಬಾಗಾನ್‌ನಲ್ಲೂ ಅವರ ಜೊತೆ ಆಡಿದರು. ಮೊದಮೊದಲು ಮುಂದಿನ ಸಾಲಿನಲ್ಲಿ ಗೋಲು ಹೊಡೆಯುತ್ತಿದ್ದ ತಾಲಿಮೆರೆನ್ ನಿಧಾನವಾಗಿ ಹಿಂದಿನ ಸಾಲಿಗೆ ಬಂದರು. ಎದುರಾಳಿಯ ದಾಳಿಯನ್ನು ಮಧ್ಯದಲ್ಲೇ ಮುರಿದು, ಚೆಂಡನ್ನು ತಮ್ಮವರಿಗೆ ದಾಟಿಸುವ ಕೆಲಸ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗೋಲು ಬೀಳದಂತೆ ತಡೆದವನ ಹೆಸರು ಬರುವುದು ಕಡಿಮೆ. ಆದರೆ ತಂಡ ನಿಲ್ಲುವುದು ಅವನ ಮೇಲೆ.

ಯುದ್ಧ, ಕ್ಷಾಮದ ನಡುವೆ ಕಲ್ಕತ್ತಾ

1942ರಲ್ಲಿ ಅವರಿಗೆ ಕಲ್ಕತ್ತಾದ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಇಂದಿನ ಆರ್.ಜಿ. ಕರ್ ಮೆಡಿಕಲ್ ಕಾಲೇಜು ಅದೇ. ತಂದೆಯ ಆಸೆಯ ಮೊದಲ ಮೆಟ್ಟಿಲು ಹತ್ತಿದ್ದಾಯಿತು. ಮರುವರ್ಷ, 1943ರಲ್ಲಿ, ಮೋಹನ್ ಬಾಗಾನ್ ಕ್ಲಬ್ ಅವರನ್ನು ಸೇರಿಸಿಕೊಂಡಿತು.

ಮೋಹನ್ ಬಾಗಾನ್ ಎಂದರೆ ಸಾಮಾನ್ಯ ಕ್ಲಬ್ ಅಲ್ಲ. 1911ರಲ್ಲಿ ಬರಿಗಾಲ ಆಟಗಾರರ ತಂಡ ಕಟ್ಟಿಕೊಂಡು ಬ್ರಿಟಿಷ್ ಸೇನೆಯ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದ ಕ್ಲಬ್. ಬಂಗಾಳದಲ್ಲಿ ಆ ಗೆಲುವನ್ನು ಸ್ವಾತಂತ್ರ್ಯ ಹೋರಾಟದ ಭಾಗವೆಂದೇ ನೆನೆಯುತ್ತಾರೆ. ಅಂಥ ತಂಡದಲ್ಲಿ ಬೆಟ್ಟದಿಂದ ಬಂದ ವಿದ್ಯಾರ್ಥಿ ಜಾಗ ಗಿಟ್ಟಿಸಿದ್ದಷ್ಟೇ ಅಲ್ಲ, ಬೇಗನೆ ನಾಯಕನೂ ಆದರು. ಮುಂದೆ ಭಾರತದ ದೊಡ್ಡ ಡಿಫೆಂಡರ್ ಎನಿಸಿದ ಶೈಲೇನ್ ಮನ್ನಾ ಅವರ ಜೊತೆಗಾರರಾಗಿದ್ದರು.

ಆ ದಿನಗಳ ಕಲ್ಕತ್ತಾ ಹೇಗಿತ್ತು? 1942ರ ಡಿಸೆಂಬರ್‌ನಲ್ಲಿ ಜಪಾನಿ ವಿಮಾನಗಳು ನಗರದ ಮೇಲೆ ಬಾಂಬ್ ಹಾಕಿದ್ದವು. 1943ರಲ್ಲಿ ಬಂಗಾಳದ ಕ್ಷಾಮ ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು. ಅನ್ನ ಹುಡುಕಿಕೊಂಡು ಹಳ್ಳಿಗಳಿಂದ ಬಂದವರು ನಗರದ ಬೀದಿಗಳಲ್ಲೇ ಸಾಯುತ್ತಿದ್ದರು. 1946ರ ಆಗಸ್ಟ್‌ನಲ್ಲಿ ಕೋಮು ಗಲಭೆಯಲ್ಲಿ ಸಾವಿರಾರು ಜನ ಸತ್ತರು. ವೈದ್ಯಕೀಯ ವಿದ್ಯಾರ್ಥಿಗಳು ಓದುತ್ತಿದ್ದುದು ಇಂಥ ನಗರದಲ್ಲಿ.

ಊರಿನ ಕಡೆಯೂ ನೆಮ್ಮದಿ ಇರಲಿಲ್ಲ. 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೊಹಿಮಾದಲ್ಲಿ ಜಪಾನಿ ಮತ್ತು ಬ್ರಿಟಿಷ್ ಇಂಡಿಯಾ ಸೇನೆಗಳ ನಡುವೆ ಘೋರ ಕಾಳಗ ನಡೆಯಿತು. ಎರಡನೇ ಮಹಾಯುದ್ಧದ ದಿಕ್ಕು ಬದಲಿಸಿದ ಕಾಳಗಗಳಲ್ಲಿ ಅದೂ ಒಂದು. ಊರಿಗೆ ಊರೇ ನೆಲಸಮವಾಯಿತು. ಹತ್ತು ವರ್ಷದೊಳಗೆ ತಾಲಿಮೆರೆನ್ ಕೆಲಸಕ್ಕೆ ಸೇರಿದ್ದು ಅದೇ ಕೊಹಿಮಾದಲ್ಲಿ.

ಎಂಟು ವರ್ಷ ಹಿಡಿದ ಡಿಗ್ರಿ

ಆಗ ಭಾರತದಲ್ಲಿ ಫುಟ್‌ಬಾಲ್ ಹೊಟ್ಟೆಪಾಡಿನ ವೃತ್ತಿಯಾಗಿರಲಿಲ್ಲ. ಇಂದಿನಂತೆ ಕೋಟಿಗಳ ಹರಾಜಿಲ್ಲ, ಒಪ್ಪಂದದ ಕಾಗದಗಳಿಲ್ಲ. ಆಟಗಾರರು ಅಮೆಚೂರ್‌ಗಳು. ರೈಲ್ವೆಯೋ ಪೊಲೀಸೋ ಕಚೇರಿಯೋ ಕೆಲಸ ಕೊಟ್ಟರೆ ಅದೇ ಜೀವನ. ಒಲಿಂಪಿಕ್ಸ್‌ನಲ್ಲೂ ಹಣಕ್ಕಾಗಿ ಆಡುವವರಿಗೆ ಅವಕಾಶ ಇರಲಿಲ್ಲ.

ಹೀಗಾಗಿ ತಾಲಿಮೆರೆನ್ ಎರಡು ದೋಣಿಯಲ್ಲಿ ಕಾಲಿಟ್ಟೇ ಸಾಗಬೇಕಿತ್ತು. ಒಂದು ಕಡೆ ಉತ್ತರ ಕಲ್ಕತ್ತಾದ ಕಾಲೇಜಿನಲ್ಲಿ ಶರೀರಶಾಸ್ತ್ರದ ಪಾಠ, ವಾರ್ಡ್ ಡ್ಯೂಟಿ. ಇನ್ನೊಂದು ಕಡೆ ಮೈದಾನದಲ್ಲಿ ಲೀಗ್, ಶೀಲ್ಡ್, ಸಾವಿರಾರು ಪ್ರೇಕ್ಷಕರ ಕೂಗು. ಸಾಮಾನ್ಯವಾಗಿ ಐದಾರು ವರ್ಷದಲ್ಲಿ ಮುಗಿಯುವ ಎಂಬಿಬಿಎಸ್ ಓದು ಅವರಿಗೆ 1942ರಿಂದ 1950ರವರೆಗೆ ಹಿಡಿಯಿತು. ಆದರೆ ಎಷ್ಟೇ ತಡವಾದರೂ ಓದು ನಿಲ್ಲಲಿಲ್ಲ.

ಆಟದಲ್ಲಿ ಹೆಸರು ಬಂದ ಮೇಲೆ ಓದು ಬಿಟ್ಟವರ ಕಥೆಗಳು ಎಲ್ಲ ಊರಿನಲ್ಲೂ ಸಿಗುತ್ತವೆ. ಕಲ್ಕತ್ತಾದಂಥ ಫುಟ್‌ಬಾಲ್ ಹುಚ್ಚಿನ ನಗರದಲ್ಲಿ, ಮೋಹನ್ ಬಾಗಾನ್ ನಾಯಕನಾಗಿದ್ದುಕೊಂಡು, ಪರೀಕ್ಷೆಗೆ ಕೂರುವುದು ಸುಲಭದ ಮಾತಲ್ಲ.

ಲಂಡನ್‌ಗೆ ಹೊರಟ ತಂಡದಲ್ಲಿ ಕನ್ನಡ ನಾಡಿನವರು

1948ರ ಒಲಿಂಪಿಕ್ಸ್‌ಗೆ ಭಾರತ ಫುಟ್‌ಬಾಲ್ ತಂಡ ಕಳಿಸಲು ತೀರ್ಮಾನಿಸಿತು. ಕೋಚ್ ಬಲೈದಾಸ್ ಚಟರ್ಜಿ. ನಾಯಕ ತಾಲಿಮೆರೆನ್ ಆವೊ, ತಂಡದಲ್ಲಿ ಮನ್ನಾ ಕೂಡ ಇದ್ದರು.

ಈ ತಂಡದ ಪಟ್ಟಿ ನೋಡಿದರೆ ಕನ್ನಡಿಗರಿಗೆ ಖುಷಿಯಾಗುತ್ತದೆ. ಅಹ್ಮದ್ ಖಾನ್, ಸಾರಂಗಪಾಣಿ ರಾಮನ್, ಧನರಾಜ್, ಗೋಲ್‌ಕೀಪರ್ ವರದರಾಜ್ ಮೊದಲಾದವರು ಅಂದಿನ ಮೈಸೂರು ರಾಜ್ಯದವರು. ಇನ್ನೊಬ್ಬ ಗೋಲ್‌ಕೀಪರ್ ಬಾಂಬೆಯಲ್ಲಿ ಆಡುತ್ತಿದ್ದ ಸಂಜೀವ ಉಚ್ಚಿಲ್. ಹೆಸರಿನಲ್ಲೇ ನಮ್ಮ ಕರಾವಳಿಯ ಊರು.

ಇದು ಆಕಸ್ಮಿಕವೂ ಅಲ್ಲ. ಆಗಿನ ಬೆಂಗಳೂರು ದೇಶದ ಫುಟ್‌ಬಾಲ್ ರಾಜಧಾನಿಗಳಲ್ಲಿ ಒಂದಾಗಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಯ ರೋವರ್ಸ್ ಕಪ್ ಗೆದ್ದಾಗ, ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಎಂಬ ಹೆಸರು ಅದರದ್ದಾಯಿತು. ಅಲ್ಲಿಯವರೆಗೆ ಅದು ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತಿತ್ತು. ದಂಡು ಪ್ರದೇಶದಲ್ಲಿ ಸೈನಿಕರು ಆಡುವುದನ್ನು ನೋಡಿ ಕಲಿತ ಹುಡುಗರು ಅವರನ್ನೇ ಸೋಲಿಸುವ ಮಟ್ಟಕ್ಕೆ ಬೆಳೆದಿದ್ದರು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನೂ ಎತ್ತಿತ್ತು. ಕಲ್ಕತ್ತಾ, ಬೆಂಗಳೂರು, ಬಾಂಬೆ ಎಂದು ಬೇರೆಬೇರೆ ಕಡೆಯ, ಬೇರೆಬೇರೆ ಭಾಷೆಯ ಆಟಗಾರರನ್ನು ಒಂದು ತಂಡವಾಗಿ ಕಟ್ಟುವ ಹೊಣೆ ನಾಗಾ ನಾಯಕನ ಮೇಲಿತ್ತು.

ಅದಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. 1947ರ ಆಗಸ್ಟ್ 14ರಂದು, ಭಾರತ ಸ್ವತಂತ್ರವಾಗುವ ಹಿಂದಿನ ದಿನ, ನಾಗಾ ನ್ಯಾಷನಲ್ ಕೌನ್ಸಿಲ್ ತನ್ನದೇ ಪ್ರತ್ಯೇಕ ಸ್ವಾತಂತ್ರ್ಯ ಘೋಷಿಸಿತ್ತು. ನಾಗಾ ಬೆಟ್ಟ ಭಾರತದೊಳಗೆ ಇರಬೇಕೋ ಬೇಡವೋ ಎಂಬ ಚರ್ಚೆ ಕಾವೇರಿದ್ದ ಹೊತ್ತಿನಲ್ಲಿ ನಾಗಾ ಯುವಕನೊಬ್ಬ ಭಾರತದ ಧ್ವಜಧಾರಿಯಾಗಿದ್ದರು.

ಬರಿಗಾಲು, ಎರಡು ಪೆನಾಲ್ಟಿ, ಒಂದು ಗೋಲು

ಜುಲೈ 31ರಂದು ಭಾರತದ ಪಂದ್ಯ ಲಂಡನ್ ಪೂರ್ವಕ್ಕಿರುವ ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ. ಎದುರಾಳಿ ಫ್ರಾನ್ಸ್. ಸ್ವತಂತ್ರ ಭಾರತದ ಮೊದಲ ಅಂತಾರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಇದು.

ಮೈದಾನಕ್ಕೆ ಇಳಿದ ಭಾರತದ ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಬರಿಗಾಲಲ್ಲಿದ್ದರು. ಬೂಟು ಕೊಳ್ಳಲು ದುಡ್ಡಿರಲಿಲ್ಲ ಎಂದು ಇಂದು ಹಲವರು ಭಾವಿಸುತ್ತಾರೆ. ನಿಜವಾದ ಕಾರಣ ಅಭ್ಯಾಸ. ಚಿಕ್ಕಂದಿನಿಂದ ಬರಿಗಾಲಲ್ಲೇ ಚೆಂಡು ಆಡಿದವರಿಗೆ ಬೆರಳ ತುದಿಯಲ್ಲಿ ಅದರ ಹಿಡಿತ ಸಿಗುತ್ತಿತ್ತು. ಒಣ ನೆಲದಲ್ಲಿ ಅದು ಅನುಕೂಲ. ಮಳೆ ಬಿದ್ದು ನೆಲ ಒದ್ದೆಯಾದರೆ ಜಾರುವ ಭಯ. ಎದುರಾಳಿಯ ಬೂಟಿನ ಮೊಳೆಗಳು ತಾಗಿದರೆ ಗಾಯ.

ಪಂದ್ಯದ 30ನೇ ನಿಮಿಷದಲ್ಲಿ ಫ್ರಾನ್ಸ್ ಮೊದಲ ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಅದಕ್ಕೆ ಉತ್ತರ ಕೊಟ್ಟರು. ಸ್ವತಂತ್ರ ಭಾರತದ ಮೊದಲ ಅಂತಾರಾಷ್ಟ್ರೀಯ ಗೋಲು ಮೈಸೂರು ರಾಜ್ಯದ ಆಟಗಾರನ ಕಾಲಿನಿಂದ ಬಂತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಎರಡೂ ಕೈತಪ್ಪಿದವು. ಇನ್ನೇನು ಪಂದ್ಯ ಮುಗಿಯುತ್ತದೆ ಎನ್ನುವಾಗ, 89ನೇ ನಿಮಿಷದಲ್ಲಿ, ಫ್ರಾನ್ಸ್ ಎರಡನೇ ಗೋಲು ಹೊಡೆದು 2-1ರಿಂದ ಗೆದ್ದಿತು.

ಸೋತರೂ ಮೈದಾನದಲ್ಲಿದ್ದ ಸಾವಿರಾರು ಇಂಗ್ಲಿಷ್ ಪ್ರೇಕ್ಷಕರು ಭಾರತದ ತಂಡಕ್ಕೆ ಚಪ್ಪಾಳೆ ತಟ್ಟಿದರು. ಬೂಟು ಏಕೆ ಹಾಕಿಲ್ಲ ಎಂದು ಪತ್ರಕರ್ತರು ನಾಯಕನನ್ನು ಕೇಳಿದಾಗ, ಆಟದ ಹೆಸರಿನಲ್ಲೇ ಇರುವುದು ಪಾದ, ನಾವು ಅದರಿಂದಲೇ ಆಡುತ್ತೇವೆ, ನೀವು ಆಡುವುದು ಬೂಟಿನ ಆಟ ಎಂಬರ್ಥದಲ್ಲಿ ಅವರು ನಕ್ಕು ಉತ್ತರಿಸಿದರೆಂದು ಪ್ರತೀತಿ. ಭಾರತೀಯ ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಸಲ ಹೇಳಿದ ಕಥೆ ಬಹುಶಃ ಇದೇ. ಆ ನಗುವಿನ ಹಿಂದೆ ಸೋಲಿನ ನೋವನ್ನೂ ತಂಡದ ಮಾನವನ್ನೂ ಕಾಯುವ ನಾಯಕನಿದ್ದರು.

ಒಲಿಂಪಿಕ್ಸ್ ನಂತರ ತಂಡ ಯುರೋಪಿನಲ್ಲಿ ಇನ್ನಷ್ಟು ಪಂದ್ಯ ಆಡಿತು. ನೆದರ್ಲೆಂಡ್ಸ್‌ನಲ್ಲಿ ಅಯಾಕ್ಸ್ ತಂಡವನ್ನು ಸೋಲಿಸಿತು.

ಆರ್ಸೆನಲ್ ಕರೆ, ಮತ್ತು ಅಲ್ಲಿದ್ದ ವಿಟ್ಟೇಕರ್

ಲಂಡನ್‌ನಲ್ಲಿ ಆವೊ ಆಟ ನೋಡಿದ ಆರ್ಸೆನಲ್ ಕ್ಲಬ್ ಅವರಿಗೆ ಒಂದು ವರ್ಷದ ಒಪ್ಪಂದದ ಆಹ್ವಾನ ಕೊಟ್ಟಿತು ಎಂಬುದು ಅವರ ಬದುಕಿನ ಪ್ರಸಿದ್ಧ ಘಟನೆ. ಆರ್ಸೆನಲ್ ಆಗತಾನೆ 1947-48ರ ಇಂಗ್ಲಿಷ್ ಲೀಗ್ ಗೆದ್ದಿತ್ತು. ಇಂಗ್ಲೆಂಡಿನಲ್ಲಿ ಆಗ ಆಟಗಾರರ ಗರಿಷ್ಠ ಸಂಬಳ ವಾರಕ್ಕೆ 12 ಪೌಂಡ್. ಇಂದಿನ ಲೆಕ್ಕದಲ್ಲಿ ಚಿಕ್ಕ ಮೊತ್ತ. ಆದರೆ ಆಟವಾಡಿ ಸಂಬಳ ಪಡೆಯುವುದೇ ಕೇಳದ ಭಾರತದ ವಿದ್ಯಾರ್ಥಿಗೆ ಅದು ಬೇರೆಯದೇ ಲೋಕ.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಆ ದಿನಗಳಲ್ಲಿ ಆರ್ಸೆನಲ್ ಮ್ಯಾನೇಜರ್ ಆಗಿದ್ದವರು ಟಾಮ್ ವಿಟ್ಟೇಕರ್. ಅವರೂ ಅದೇ ಕ್ಲಬ್‌ನ ಆಟಗಾರರಾಗಿದ್ದವರು. 1925ರಲ್ಲಿ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮಂಡಿಚಿಪ್ಪು ಮುರಿದು ಅವರ ಆಟ ಮುಗಿಯಿತು. ಅಲ್ಲಿಗೆ ಸುಮ್ಮನೆ ಕೂರದೆ ಅವರು ಶರೀರ ರಚನೆ, ಸ್ನಾಯು, ಮೂಳೆ, ಗಾಯದ ಚಿಕಿತ್ಸೆ ಕಲಿತರು. ತಣ್ಣೀರು ಸ್ಪಂಜು ಒತ್ತಿ ಆಟಗಾರನನ್ನು ಮತ್ತೆ ಮೈದಾನಕ್ಕೆ ತಳ್ಳುತ್ತಿದ್ದ ಕಾಲದಲ್ಲಿ, ವಿದ್ಯುತ್ ಉಪಕರಣಗಳ ಚಿಕಿತ್ಸೆ, ಕ್ರಮಬದ್ಧ ವ್ಯಾಯಾಮ ತಂದು ಆರ್ಸೆನಲ್ ಚಿಕಿತ್ಸಾ ಕೊಠಡಿಯನ್ನು ಇಂಗ್ಲೆಂಡಿನಲ್ಲೇ ಹೆಸರಾಗುವಂತೆ ಮಾಡಿದರು. ಇಂದು ನಾವು ಕ್ರೀಡಾ ವಿಜ್ಞಾನ ಎನ್ನುವ ಕ್ಷೇತ್ರದ ಮೊದಲಿಗರಲ್ಲಿ ಅವರೂ ಒಬ್ಬರು.

ಮೈದಾನದಿಂದ ದೇಹದ ವಿಜ್ಞಾನಕ್ಕೆ ಹೋದ ಆಟಗಾರನ ಕ್ಲಬ್ ಅದು. ಕರೆ ಬಂದದ್ದು ದೇಹದ ವಿಜ್ಞಾನ ಓದುತ್ತಿದ್ದ ಆಟಗಾರನಿಗೆ. ಹೋಗಿದ್ದರೆ ಆವೊಗೆ ಹಣವೂ ಸಿಗುತ್ತಿತ್ತು, ಆಟಗಾರರ ಡಾಕ್ಟರ್ ಆಗುವ ದಾರಿಯೂ ತೆರೆದುಕೊಳ್ಳುತ್ತಿತ್ತೋ ಏನೋ. ಅವರು ಹೋಗಲಿಲ್ಲ. ಎಂಬಿಬಿಎಸ್ ಮುಗಿಸುವುದು ಬಾಕಿ ಇತ್ತು. ತಂದೆ ಕೇಳಿಕೊಂಡದ್ದು ಆಟಗಾರರಿಗೆ ಡಾಕ್ಟರ್ ಆಗು ಎಂದಲ್ಲ, ನಮ್ಮ ಜನರಿಗೆ ಡಾಕ್ಟರ್ ಆಗು ಎಂದು.

ಬೂಟು, ಚೆಂಡು ಬಿಟ್ಟು ಸ್ಟೆತಸ್ಕೋಪ್

ಕಲ್ಕತ್ತಾಗೆ ಮರಳಿದ ಆವೊ ಆಟ ಮುಂದುವರಿಸಿದರು, ಓದನ್ನೂ ಮುಂದುವರಿಸಿದರು. 1950ರಲ್ಲಿ ಎಂಬಿಬಿಎಸ್ ಮುಗಿಯಿತು. ಆಗ ಅವರಿಗೆ 32 ವರ್ಷ. ಒಬ್ಬ ಫುಟ್‌ಬಾಲ್ ಆಟಗಾರನಿಗೆ ಇನ್ನೆರಡು ಮೂರು ಒಳ್ಳೆಯ ವರ್ಷ ಉಳಿದಿರುವ ವಯಸ್ಸು. ಒಬ್ಬ ಡಾಕ್ಟರ್‌ಗೆ ತಡವಾಗಿ ಶುರು ಮಾಡಿದ ವಯಸ್ಸು. ಅವರು ಡಾಕ್ಟರ್ ಲೆಕ್ಕವನ್ನೇ ಹಿಡಿದರು.

ದಿಬ್ರುಗಢದ ಅಸ್ಸಾಂ ಮೆಡಿಕಲ್ ಕಾಲೇಜು 1947ರಲ್ಲಷ್ಟೇ ಶುರುವಾಗಿತ್ತು. ಅಲ್ಲಿ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಹೌಸ್ ಸರ್ಜನ್ ಆಗಿ ಸೇರಿದರು. 1953ರಲ್ಲಿ ಕೊಹಿಮಾ ಸಿವಿಲ್ ಆಸ್ಪತ್ರೆಗೆ ಸಹಾಯಕ ಸಿವಿಲ್ ಸರ್ಜನ್ ಆಗಿ ಬಂದರು. ತಂದೆ ತೀರಿಕೊಂಡು 18 ವರ್ಷಗಳಾಗಿದ್ದವು.

ಯುದ್ಧದಲ್ಲಿ ನೆಲಸಮವಾಗಿದ್ದ ಕೊಹಿಮಾ ಆಗಷ್ಟೇ ಮತ್ತೆ ಎದ್ದು ನಿಲ್ಲುತ್ತಿತ್ತು. ಬೆಟ್ಟದ ತುದಿಗಳಲ್ಲಿ ಹಳ್ಳಿಗಳು, ಅವುಗಳ ನಡುವೆ ಕಾಲುದಾರಿಗಳು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ದಾರಿ ಬಂದ್. ಮಲೇರಿಯಾ, ಕ್ಷಯ, ಭೇದಿ, ಹೆರಿಗೆಯ ತೊಂದರೆಗಳು ಸಾಮಾನ್ಯ. ರೋಗಿಯನ್ನು ಹೊತ್ತುಕೊಂಡೇ ಆಸ್ಪತ್ರೆಗೆ ತರಬೇಕಾದ ಕಾಲ. ಅಲ್ಲಿ ತಮ್ಮ ನಾಡಿನವನೇ ಡಾಕ್ಟರ್ ಆಗಿ ಕೂತಿದ್ದಾನೆ ಎಂಬುದಕ್ಕೆ ಬೆಲೆ ಇತ್ತು.

1950ರ ದಶಕದ ಮಧ್ಯದಿಂದ ನಾಗಾ ಬೆಟ್ಟಗಳಲ್ಲಿ ಸಶಸ್ತ್ರ ಸಂಘರ್ಷ ಶುರುವಾಯಿತು. ಸೇನೆ ಬಂತು. 1958ರಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಬಂತು. ಆವೊ ಸರ್ಕಾರಿ ಡಾಕ್ಟರ್ ಆಗಿ ದುಡಿದ ಮೊದಲ ದಶಕ ಇದೇ. ಲಂಡನ್‌ನಲ್ಲಿ ದೇಶದ ಧ್ವಜ ಹಿಡಿದವರು ಈಗ ದೇಶಕ್ಕೂ ತಮ್ಮ ಜನರಿಗೂ ನಡುವೆ ಬಿರುಕು ಬಿಟ್ಟ ನೆಲದಲ್ಲಿ ಕೆಲಸ ಮಾಡುತ್ತಿದ್ದರು. ಅದನ್ನು ಬಿಟ್ಟು ಕಲ್ಕತ್ತಾದಲ್ಲಿ ಪ್ರಾಕ್ಟೀಸ್ ಮಾಡಲು ಮೋಹನ್ ಬಾಗಾನ್ ಮಾಜಿ ನಾಯಕನಿಗೆ ಯಾವ ಅಡ್ಡಿಯೂ ಇರಲಿಲ್ಲ.

1963ರ ಡಿಸೆಂಬರ್ 1ರಂದು ನಾಗಾಲ್ಯಾಂಡ್ ರಾಜ್ಯವಾಯಿತು. ಹೊಸ ರಾಜ್ಯಕ್ಕೆ ಆಡಳಿತದ ಜೊತೆಗೆ ಆರೋಗ್ಯ ವ್ಯವಸ್ಥೆಯನ್ನೂ ಕಟ್ಟಿಕೊಳ್ಳಬೇಕಿತ್ತು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ಡಾ. ಆವೊ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಾದರು. 1978ರಲ್ಲಿ ನಿವೃತ್ತರಾದರು. ಕಾಲು ಶತಮಾನದ ಸರ್ಕಾರಿ ವೈದ್ಯ ಸೇವೆ. ಫುಟ್‌ಬಾಲ್ ಅಂಗಿ ತೊಟ್ಟ ವರ್ಷಗಳಿಗಿಂತ ಬಿಳಿ ಕೋಟು ತೊಟ್ಟ ವರ್ಷಗಳೇ ಹೆಚ್ಚು.

1998ರ ಸೆಪ್ಟೆಂಬರ್ 13ರಂದು ಅವರು ತೀರಿಕೊಂಡರು. ವಯಸ್ಸು 80.

ಆಟಗಾರನಿಗೆ ಡಾಕ್ಟರ್ ಇಲ್ಲದ ಕಾಲದಿಂದ ಇಂದಿನವರೆಗೆ

1948ರ ತಂಡದ ಉಳಿದವರು ಏನಾದರು? ಅಹ್ಮದ್ ಖಾನ್ ಮತ್ತು ಧನರಾಜ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿ, ಪಂಚ ಪಾಂಡವರು ಎಂದು ಹೆಸರಾದ ಐವರು ಮುಂಪಡೆ ಆಟಗಾರರಲ್ಲಿ ಇಬ್ಬರಾದರು. ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮನ್ನಾ ನಾಯಕತ್ವದಲ್ಲಿ ಭಾರತ 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಬರಿಗಾಲ ಯುಗ ಮುಗಿಯಿತು. ನಾಲ್ಕೇ ವರ್ಷದಲ್ಲಿ, ಮೆಲ್ಬರ್ನ್‌ನಲ್ಲಿ, ಭಾರತ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನಕ್ಕೆ ಏರಿತು.

ಆಟಗಾರನ ದೇಹವನ್ನು ವಿಜ್ಞಾನದ ಕಣ್ಣಲ್ಲಿ ನೋಡುವ ಕೆಲಸವೂ ನಿಧಾನವಾಗಿ ಬಂತು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ಇಂದು ಪುಣೆಯ ಕಾತ್ರಜ ಬಳಿಯ ಭಾರತಿ ವಿದ್ಯಾಪೀಠದಂಥ ಆವರಣಗಳಲ್ಲಿ ವೈದ್ಯಕೀಯ, ಫಿಸಿಯೋಥೆರಪಿ, ದೈಹಿಕ ಶಿಕ್ಷಣ ಎಲ್ಲವೂ ಅಕ್ಕಪಕ್ಕದಲ್ಲೇ ಓದಲು ಸಿಗುತ್ತವೆ. ಆಟ ಬಿಟ್ಟವರು ಫಿಸಿಯೋ, ಟ್ರೈನರ್, ಕ್ರೀಡಾ ವಿಜ್ಞಾನಿ ಆಗುವ ದಾರಿ ಈಗ ಸ್ಪಷ್ಟವಾಗಿದೆ. 1982ರಲ್ಲಿ ಬ್ರೆಜಿಲ್ ನಾಯಕರಾಗಿದ್ದ ಸಾಕ್ರಟೀಸ್ ಡಾಕ್ಟರ್ ಎಂಬ ಸಂಗತಿ ಜಗತ್ತಿಗೇ ಗೊತ್ತು. ಅದಕ್ಕೂ ಮೂರು ದಶಕ ಮೊದಲೇ ಭಾರತದ ನಾಯಕರೊಬ್ಬರು ಇದೇ ಕೆಲಸ ಮಾಡಿದ್ದರು ಎಂಬುದು ಭಾರತದಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ಈಶಾನ್ಯದಲ್ಲಿ ಮಾತ್ರ ಅವರ ಹೆಸರು ಬದುಕಿದೆ. ಅಸ್ಸಾಂನ ಕ್ರೀಡಾಂಗಣಗಳಿಗೆ ಅವರ ಹೆಸರಿದೆ. ಈಶಾನ್ಯ ರಾಜ್ಯಗಳ ನಡುವೆ ಡಾ. ಟಿ. ಆವೊ ಟ್ರೋಫಿ ಫುಟ್‌ಬಾಲ್ ನಡೆದಿದೆ. ಅವರ ನಂತರ ನಾಗಾಲ್ಯಾಂಡ್‌ನಿಂದ ಇನ್ನೊಬ್ಬರು ಒಲಿಂಪಿಕ್ಸ್‌ಗೆ ಹೋಗಲು 64 ವರ್ಷ ಬೇಕಾಯಿತು. 2012ರಲ್ಲಿ ಬಿಲ್ಲುಗಾರ್ತಿ ಚೆಕ್ರೊವೊಲು ಸ್ವುರೊ ಹೋದರು. ಆ ಒಲಿಂಪಿಕ್ಸ್ ನಡೆದದ್ದೂ ಲಂಡನ್‌ನಲ್ಲೇ.

ಆವೊ ಅವರನ್ನು ನೆನೆಯುವಾಗ ಬರಿಗಾಲು, ಬೂಟಿನ ಮಾತು, ಆರ್ಸೆನಲ್ ಕರೆ ಮೊದಲು ಬರುತ್ತವೆ. ಆದರೆ ಆಟ ಅವರ ಬದುಕಿನ ಒಂದು ದಶಕ. ಟೈಫಾಯ್ಡ್‌ಗೆ ಮದ್ದಿಲ್ಲದೆ ತಂದೆಯನ್ನು ಕಳೆದುಕೊಂಡ ಹುಡುಗ, ಮದ್ದು ಬಂದ ಮೇಲೆ ಅದನ್ನು ತಮ್ಮ ಜನರಿಗೆ ಮುಟ್ಟಿಸುವ ಇಲಾಖೆಯ ಮುಖ್ಯಸ್ಥನಾದದ್ದು ಉಳಿದ ಬದುಕು. ಆ ಉಳಿದ ಬದುಕಿಗೆ ಸ್ಕೋರ್‌ಬೋರ್ಡ್ ಇರಲಿಲ್ಲ.